ಡಬ್ ಆಗದೆ ಗಡಿ ದಾಟಿದ ಸಂಗೀತ

ಕೆಜಿಎಫ್ ಆದೋನಿಗೆ ಬಂದಾಗ ಕನ್ನಡ ಮಾತಾಡಲಿಲ್ಲ. 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ತೆರೆಕಂಡ ಚಿತ್ರ ಅದು. ಆಂಧ್ರದ ಟಾಕೀಸುಗಳ ಪಾಲಿಗೆ ತೆಲುಗು. ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕೌತಾಳ, ಹೊಳಗುಂದದ ಕಡೆ ಇಂದಿಗೂ ಎಷ್ಟೋ ಮನೆಗಳ ಮಾತು ಕನ್ನಡವೇ. ಅಂಥವರಿಗೂ ನಾಯಕ ರಾಕಿಯಾಗಿ ಯಶ್ ತೆಲುಗಿನಲ್ಲೇ ಗುಡುಗಿದರು, ಹಾಡುಗಳೂ ತೆಲುಗಾದವು. ಕಿವಿಗೆ ಬದಲಾಗದೆ ಬಂದದ್ದು ರವಿ ಬಸ್ರೂರರ ಹಿನ್ನೆಲೆ ಸಂಗೀತ. ಹಾಗಾಗಿ ಗಡಿಯ ಈಚೆಯಿಂದ ಕೇಳುವವನಿಗೆ ಅದು ಬರೀ ಹಿನ್ನೆಲೆಯಲ್ಲ. ಅದರಲ್ಲಿ ನಮ್ಮದೇನು ಉಳಿದಿದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕತ್ತಲ ನಾಯಕನ ಈ ಸಂಗೀತಕ್ಕೆ ಈಗ ಒಂದು ಪಂಥವೇ ಆಗಿದೆ. ಕೆಳಗೆ ಗುರುಗುಡುವ ತಂತಿವಾದ್ಯ, ಮೇಲೆ ಹಿತ್ತಾಳೆ ಕಹಳೆಗಳ ಘರ್ಜನೆ, ಹಿಂದೆ ನೂರು ಗಂಟಲಿನ ಘೋಷ, ನಡುವೆ ಎದೆ ನಡುಗಿಸುವ ಡ್ರಮ್. ಹಾಲಿವುಡ್ಡಿನ ಬ್ಯಾಟ್‌ಮ್ಯಾನ್ ಚಿತ್ರಗಳ ಋಣ ಇದರಲ್ಲಿ ಎದ್ದು ಕಾಣುತ್ತದೆ. ಆದರೆ ಸಾಲ ತಂದದ್ದು ಅರ್ಧ ಮಾತ್ರ. 2008ರ 'ದ ಡಾರ್ಕ್ ನೈಟ್'ನಲ್ಲಿ ಹ್ಯಾನ್ಸ್ ಝಿಮ್ಮರ್ ಜೋಕರನಿಗೆ ಕೊಟ್ಟದ್ದು ರಾಗವನ್ನಲ್ಲ, ಸೆಲ್ಲೊದ ಒಂದೇ ಸ್ವರವನ್ನು. ಅದು ಬಿಗಿಯುತ್ತಾ ಬಿಗಿಯುತ್ತಾ ಹೋಗುತ್ತದೆ, ಬಿಡುಗಡೆ ಕೊಡುವುದಿಲ್ಲ. ನಾಯಕನ ಪಾಲಿಗೂ ಏರುವ ಎರಡು ಸ್ವರಗಳಷ್ಟೇ. ಅವು ಪೂರ್ತಿ ರಾಗವಾಗಿ ಅರಳುವುದೇ ಇಲ್ಲ. ಅಲ್ಲಿನ ಕತ್ತಲು ತಡೆಹಿಡಿದದ್ದರಲ್ಲಿದೆ. ನಮ್ಮವರು ಅದರ ಅಬ್ಬರವನ್ನು ಕಲಿತರು, ತಾಳ್ಮೆಯನ್ನು ಕಲಿಯಲಿಲ್ಲ.

ಬಸ್ರೂರರಿಗೆ ತಾಳ್ಮೆ ಬಾರದು ಎಂದಲ್ಲ. ಕೆಜಿಎಫ್‌ನ ಮೊದಲ ಭಾಗದಲ್ಲಿ ಅನನ್ಯಾ ಭಟ್ ಹಾಡಿದ 'ಗರ್ಭದಿ' ಕೇಳಿ. ತಾಯಿಯ ಆ ಧಾಟಿ ಬೇಡುವುದಿಲ್ಲ, ಅಳುವುದಿಲ್ಲ. ಮಗನ ಬೆನ್ನಿಗೆ ಹೊರೆ ಹೊರಿಸುತ್ತದೆ. ರಾಕಿಯ ದುರಾಸೆಗೆ ನೋವಿನ ಬೇರು ಸಿಗುವುದು ಸಂಭಾಷಣೆಯಿಂದಲ್ಲ, ಇಲ್ಲಿಂದ. ಮಾತು ತೆಲುಗಾದರೂ ಈ ಧಾಟಿ ನಮ್ಮ ಕಡೆಯ ಹೆಂಗಸರ ಹಾಡಿನಷ್ಟೇ ಹತ್ತಿರ ಬಂದು ಕೂರುತ್ತದೆ. ಎರಡನೇ ಭಾಗದ ಪೊಲೀಸ್ ಠಾಣೆಯ ದೃಶ್ಯವೂ ಹಾಗೆಯೇ. 'ದೊಡ್ಡಮ್ಮ' ಎಂಬ ಬಂದೂಕು ಗೋಡೆ, ಜೀಪುಗಳನ್ನೆಲ್ಲ ಚಿಂದಿ ಮಾಡುತ್ತದೆ. ನೆನಪಿನಲ್ಲಿ ನಿಲ್ಲುವುದು ಮಾತ್ರ ಸದ್ದಡಗಿದ ಮೇಲೆ ಕೆಂಪಗೆ ಕಾದ ನಳಿಗೆಗೆ ರಾಕಿ ಸಿಗರೇಟು ತಾಗಿಸುವ ಗಳಿಗೆ.

ಪಂಥದ ಉಳಿದವರಲ್ಲಿ ಇಂಥ ಬಿಡುವು ಅಪರೂಪ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಅದೇ ಕಹಳೆ, ಅದೇ ಘೋಷ. ನಾಯಕ ಬಾಗಿಲು ತೆಗೆದರೂ ಪ್ರಳಯ, ಕನ್ನಡಕ ಹಾಕಿದರೂ ಪ್ರಳಯ. ಪ್ರತಿ ಏಟೂ ತಾಳಕ್ಕೆ ಸರಿಯಾಗಿ ಬೀಳುವುದರಿಂದ ಯಾವ ಏಟಿಗೂ ಬೆಚ್ಚಬೇಕಾಗುವುದಿಲ್ಲ.

ಬೆಚ್ಚಿಸುವ ಏಟಿನ ಸದ್ದು ನಮ್ಮ ಕಡೆಯೇ ಇದೆ. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ದೇವರ ಮೂರ್ತಿಗಾಗಿ ಊರೂರಿನವರು ದೊಣ್ಣೆ, ದೀವಟಿಗೆ ಹಿಡಿದು ಸೆಣಸುತ್ತಾರೆ. ತಲೆ ಒಡೆಯುತ್ತದೆ, ಜೀವ ಹೋದದ್ದೂ ಇದೆ. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ದೊಣ್ಣೆಗೆ ದೊಣ್ಣೆ ಬೀಳುವ ಆ ಸದ್ದಿಗೆ ತಾಳವಿಲ್ಲ. ಮುಂದಿನ ಏಟು ಯಾವಾಗ, ಯಾವ ಕಡೆಯಿಂದ ಎಂದು ಕಿವಿಗೆ ತಿಳಿಯದು. ಭಯ ಹುಟ್ಟುವುದೇ ಅಲ್ಲಿ. 2022ರ 'ಕಾಂತಾರ'ದಲ್ಲಿ ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಈ ಗುಟ್ಟು ಹಿಡಿದರು. ಕೊನೆಯಲ್ಲಿ ಮೈ ಜುಮ್ಮೆನ್ನಿಸುವುದು ವಾದ್ಯಮೇಳವಲ್ಲ, ದೈವ ಮೈಮೇಲೆ ಬಂದವನ ಕೂಗು. ಆ ಕೂಗಿಗೆ ಡಬ್ಬಿಂಗ್ ಬೇಕಿಲ್ಲ.

ತಾಳ್ಮೆಗೂ ಅಬ್ಬರಕ್ಕೂ ಇರುವ ಈ ಅಂತರ ಬಸ್ರೂರರ ಕೆಲಸದೊಳಗೇ ಕಾಣುತ್ತದೆ. ಕೆಜಿಎಫ್ ನಿರ್ದೇಶಕ ಪ್ರಶಾಂತ್ ನೀಲ್ 2014ರ ತಮ್ಮ 'ಉಗ್ರಂ' ಕಥೆಯನ್ನೇ ಹಿಗ್ಗಿಸಿ 2023ರಲ್ಲಿ ತೆಲುಗಿನಲ್ಲಿ 'ಸಲಾರ್' ಮಾಡಿದರು; ಎರಡಕ್ಕೂ ಬಸ್ರೂರರದೇ ಸಂಗೀತ. ಎರಡರಲ್ಲೂ ನಾಯಕ ಅಮ್ಮನ ಮಾತಿಗೆ ಕಟ್ಟುಬಿದ್ದು ಕೋಪ ನುಂಗಿಕೊಂಡಿರುತ್ತಾನೆ. 'ಉಗ್ರಂ'ನಲ್ಲಿ ಅವನೊಂದಿಗೆ ಸಂಗೀತವೂ ಕಾಯುತ್ತದೆ. 'ಸಲಾರ್'ನಲ್ಲಿ ಅವನು ಕೈ ಎತ್ತುವ ಮೊದಲೇ ಡ್ರಮ್ಮುಗಳು ಗೆಲುವನ್ನು ಸಾರಿಬಿಡುತ್ತವೆ.