ರೆಕ್ಕೆಯಂಚಿನ ಗೆರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಮಾವು, ಪೇರಳೆ, ಹಾಗಲ, ಹೀರೆಗಳೊಳಗೆ ಹುಳವಾಗುವುದು ಹಣ್ಣುನೊಣದ ಮೊಟ್ಟೆಯಿಂದ. ಮಾಗಿದ ಬಾಳೆಗೊನೆಯ ಸುತ್ತ ಹಾರುವ ಎರಡು-ಮೂರು ಮಿಲಿಮೀಟರಿನ ಡ್ರಾಸೊಫಿಲಾ ಬೇರೆಯೇ ಕುಟುಂಬದ್ದು. ನಿಜವಾದ ಹಣ್ಣುನೊಣ ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು. ನೋಟಕ್ಕೆ ಕಣಜದಂತೆ, ಬೆನ್ನಿನ ಮೇಲೆ ಹಳದಿ ಗೆರೆಗಳು.

ಇದರ ಪ್ರಭೇದಗಳನ್ನು ಗುರುತಿಸುವಾಗ ಮೊದಲ ವಿಂಗಡಣೆ ಬಲೆಯಲ್ಲೇ ಆಗುತ್ತದೆ. ಮಿಥೈಲ್ ಯುಜಿನಾಲ್ ಎಂಬ ಆಕರ್ಷಕ ಇಟ್ಟ ಬಲೆಗೆ ಮಾವು-ಪೇರಳೆಯ ನೊಣಗಳು ಬೀಳುತ್ತವೆ, ಕ್ಯೂ ಲೂರ್ ಎಂಬ ಆಕರ್ಷಕ ಇಟ್ಟ ಬಲೆಗೆ ಸೌತೆ-ಹಾಗಲದವು. ಎರಡಕ್ಕೂ ಬರುವುದು ಗಂಡು ಮಾತ್ರ. ಮುಂದಿನ ಕೆಲಸಕ್ಕೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಬೇಕು.

ತರಕಾರಿ ಚಪ್ಪರದ ನೊಣಗಳ ಬೆನ್ನಿನಲ್ಲಿ ಹಳದಿ ಗೆರೆ ಮೂರು: ಎರಡು ಬದಿಗೆ, ಒಂದು ನಡುವೆ. ಕುಕುರ್ಬಿಟೇ ಪ್ರಭೇದದ ರೆಕ್ಕೆಯಲ್ಲಿ ಅಡ್ಡನರದ ಮೇಲೆ ಕಂದು ಪಟ್ಟಿ ಹರಿದಿರುತ್ತದೆ. ಟೌ ಪ್ರಭೇದದಲ್ಲಿ ಅದಿಲ್ಲ. ಬೆನ್ನಿನ ಹಿಂತುದಿಯ ಹಳದಿ ತುಣುಕಿನ ಮೇಲೆ ಮೊದಲನೆಯದಕ್ಕೆ ಸಾಮಾನ್ಯವಾಗಿ ಎರಡು ಬಿರುಗೂದಲು, ಎರಡನೆಯದಕ್ಕೆ ನಾಲ್ಕು. ಕೂದಲು ಉದುರುವುದುಂಟು, ಹಾಗಾಗಿ ಅಡ್ಡಪಟ್ಟಿಯೇ ಹೆಚ್ಚು ನಂಬಿಕೆಯ ಗುರುತು.

ಮಾವಿನ ಗುಂಪಿಗೆ ನಡುಗೆರೆ ಇಲ್ಲ, ಬದಿಯ ಎರಡೇ. ಇಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ರೆಕ್ಕೆಯ ಮುಂದಿನ ಅಂಚು. ಡಾರ್ಸಾಲಿಸ್ ಪ್ರಭೇದದಲ್ಲಿ ಅಂಚಿನ ಕಂದು ಗೆರೆ ಎಲ್ಲೂ ತುಂಡಾಗದೆ ತುದಿಯವರೆಗೆ ಸಾಗುತ್ತದೆ. ಜೋನಾಟಾ ಮತ್ತು ಕರೆಕ್ಟಾ ಪ್ರಭೇದಗಳಲ್ಲಿ ಅದು ನಡುವೆ ಕಡಿದು, ತುದಿಯಲ್ಲಿ ಒಂದು ಮಚ್ಚೆ ಮಾತ್ರ ಉಳಿಯುತ್ತದೆ. ಈ ಎರಡನ್ನು ಬೇರ್ಪಡಿಸುವುದು ಮುಖ. ಜೋನಾಟಾದ ಮುಖದಲ್ಲಿ ಬಿಡಿಬಿಡಿಯಾದ ಎರಡು ದುಂಡು ಚುಕ್ಕೆ, ಮೈ ಕೆಂಗಂದು. ಕರೆಕ್ಟಾದ ಚುಕ್ಕೆಗಳು ಅಡ್ಡಕ್ಕೆ ಹಿಗ್ಗಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರ, ಬೆನ್ನು ಕಪ್ಪು.

ಡಾರ್ಸಾಲಿಸ್‌ನ ಬೆನ್ನು ಕಡುಗಪ್ಪಿನಿಂದ ಕೆಂಗಂದಿನವರೆಗೆ ಹೇಗೂ ಇರಬಹುದು. ಈ ಬಣ್ಣದ ಆಟ ಪರಿಣತರನ್ನೂ ದಾರಿ ತಪ್ಪಿಸಿದೆ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಹೆಸರು ಬಂತು. ರೂಪ, ವಂಶವಾಹಿ, ಕೂಡುವಿಕೆ ಎಲ್ಲವನ್ನೂ ಪರೀಕ್ಷಿಸಿ 2015ರಲ್ಲಿ ಅದನ್ನು ಮತ್ತೆ ಡಾರ್ಸಾಲಿಸ್‌ಗೇ ಸೇರಿಸಲಾಯಿತು.

ಘಟ್ಟದ ತಪ್ಪಲಿನ ಬೆಳ್ತಂಗಡಿಯಂಥ ಕಡೆ ಇನ್ನೂ ಒಂದು ಎಚ್ಚರ ಬೇಕು. ದಕ್ಷಿಣ ಭಾರತದ ಕ್ಯಾರಿಯೇ ಪ್ರಭೇದದ ರೆಕ್ಕೆಗೆರೆಯೂ ಅಖಂಡ, ಮುಖದ ಚುಕ್ಕೆಯೂ ಡಾರ್ಸಾಲಿಸ್‌ನಂತೆಯೇ. ವ್ಯತ್ಯಾಸ ಸಿಗುವುದು ಕಾಲಿನಲ್ಲಿ: ಕ್ಯಾರಿಯೇ ತೊಡೆಯ ಮೇಲೆ ದೊಡ್ಡ ಕಪ್ಪು ಮಚ್ಚೆ, ಡಾರ್ಸಾಲಿಸ್‌ನ ತೊಡೆ ಬಹುಮಟ್ಟಿಗೆ ಹಳದಿ. ನೊಣವನ್ನು ಬೆನ್ನಿನಿಂದ ಮಾತ್ರ ನೋಡಿ ಬಿಟ್ಟರೆ ಈ ಗುರುತು ಕಾಣುವುದೇ ಇಲ್ಲ, ಮಗುಚಿ ನೋಡಬೇಕು.

ಮಳೆಗಾಲದಲ್ಲಿ ವಾರಗಟ್ಟಲೆ ಬಲೆಯಲ್ಲೇ ಉಳಿದ ನೊಣದ ಮೈ ಕೊಳೆತು ಕಪ್ಪಾಗುತ್ತದೆ, ರೆಕ್ಕೆಯ ಗೆರೆ ಮಾತ್ರ ಬಹುಕಾಲ ಉಳಿಯುತ್ತದೆ. ಹುಳ ಬಿದ್ದ ಕಾಟುಮಾವನ್ನು ಮರಳಿನ ಮೇಲಿಟ್ಟು ನೊಣ ಎಬ್ಬಿಸುವವರು ಹೊರಬಂದ ಕೂಡಲೇ ಅದನ್ನು ಕೊಲ್ಲಬಾರದು. ಆಗ ಅದರ ಮೈ ಮಾಸಲು, ಚುಕ್ಕೆ ಅಸ್ಪಷ್ಟ. ಸಕ್ಕರೆ, ನೀರು ಕೊಟ್ಟು ಕೆಲವು ದಿನ ಬದುಕಲು ಬಿಟ್ಟರೆ ಬಣ್ಣ ಪೂರ್ತಿ ಕೂಡುತ್ತದೆ.