ಶುರು ಮಾಡಿದವರೇ ನಿಲ್ಲಿಸಬೇಕಲ್ಲ?

2021ರ ಬೇಸಿಗೆಯ ಕೋವಿಡ್ ಅಲೆಯಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಎದ್ದರೆ ‘ಇಮ್ಯುನಿಟಿ’ ಹೆಚ್ಚಿಸಲು ಶುಂಠಿ, ಮೆಣಸು, ಅಮೃತಬಳ್ಳಿಯ ಕಷಾಯ. ತಿಂಡಿ ಆದಮೇಲೆ ಅದೇ ಇಮ್ಯುನಿಟಿಯನ್ನು ಅಡಗಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಮಾತ್ರೆ ಏನು ಮಾಡುತ್ತದೆ ಎಂದು ನುಂಗುವವರಿಗೆ ಬಹಳ ಕಡೆ ಯಾರೂ ಹೇಳಿರಲಿಲ್ಲ. ವಾಟ್ಸಾಪಿನಲ್ಲಿ ಬಂದ ಯಾರದೋ ಔಷಧ ಚೀಟಿಯ ಫೋಟೋ ತೋರಿಸಿ ಕೊಂಡವರೂ ಇದ್ದರು.

ಔಷಧವನ್ನು ದೂರುವಂತಿಲ್ಲ. ಬ್ರಿಟನ್ನಿನ ‘ರಿಕವರಿ’ ಅಧ್ಯಯನ 2020ರಲ್ಲೇ ಇದರ ಲೆಕ್ಕ ಒಪ್ಪಿಸಿತ್ತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಇಷ್ಟರಿಂದ ವೆಂಟಿಲೇಟರ್ ಮೇಲಿದ್ದವರ ಸಾವಿನ ಪ್ರಮಾಣ ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಕೈಗೆಟಕುವ ಬೆಲೆಯ ಹಳೆಯ ಮಾತ್ರೆಯೊಂದು ಇಷ್ಟು ಜೀವ ಉಳಿಸಿದ್ದು ಸಣ್ಣ ಮಾತಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು: ಆಮ್ಲಜನಕವೇ ಬೇಕಾಗಿರದ ರೋಗಿಗಳಿಗೆ ಯಾವ ಲಾಭವೂ ಕಾಣಲಿಲ್ಲ. ಮಾತ್ರೆ ಪಡೆದವರಲ್ಲಿ ಶೇ 17.8, ಪಡೆಯದವರಲ್ಲಿ ಶೇ 14 ಮಂದಿ ತೀರಿಕೊಂಡಿದ್ದರು. ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ ಅದು, ನಿಜ. ಆದರೂ ಎಚ್ಚರಿಕೆಗೆ ಸಾಕಿತ್ತು. ನಾವು ಮೊದಲ ಸಾಲನ್ನು ಮಾತ್ರ ಓದಿದೆವು. ಜ್ವರ ಬಂದ ಎರಡನೇ ದಿನಕ್ಕೇ, ಇನ್ನೂ ವೈರಸ್ಸಿನ ಜೊತೆ ಮೈ ಸೆಣಸುತ್ತಿರುವಾಗಲೇ, ಅದರ ಕೈ ಕಟ್ಟಿಹಾಕಿದೆವು.

ಆಮೇಲೆ ಬಂದದ್ದು ಕಪ್ಪು ಶಿಲೀಂಧ್ರ. 2021ರ ಜೂನ್ ಕೊನೆಗೆ ದೇಶದಲ್ಲಿ 40 ಸಾವಿರಕ್ಕೂ ಮೀರಿ ಪ್ರಕರಣಗಳು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸೆಯ ವ್ಯವಸ್ಥೆ ಮಾಡಬೇಕಾಯಿತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಮನೆಯವರು ಊರೂರು ಅಲೆದರು. ಎಲ್ಲವನ್ನೂ ಸ್ಟೀರಾಯ್ಡ್ ತಲೆಗೆ ಕಟ್ಟುವುದು ಅನ್ಯಾಯ, ಸಕ್ಕರೆ ಕಾಯಿಲೆಯ ಪಾಲು ದೊಡ್ಡದು. ಆದರೆ ಸ್ಟೀರಾಯ್ಡ್ ಸಕ್ಕರೆಯನ್ನೂ ಏರಿಸುತ್ತದೆ, ಶಿಲೀಂಧ್ರವನ್ನು ತಡೆಯಬೇಕಾದ ಬಿಳಿ ರಕ್ತಕಣಗಳನ್ನೂ ಮಂಕಾಗಿಸುತ್ತದೆ. ಮಾತ್ರೆ ಬರೆದವರಲ್ಲಿ ಎಷ್ಟು ಮಂದಿ ಗ್ಲುಕೋಮೀಟರ್ ಇಟ್ಟುಕೊಳ್ಳಿ ಎಂದೂ ಬರೆದರು?

ಇಮ್ಯುನಿಟಿ ಅಡಗಿಸುವ ಇದೇ ವಿದ್ಯೆ ಕಿಡ್ನಿ ಕಸಿ ವಿಭಾಗದಲ್ಲಿ ಬೇರೆಯೇ ಶಿಸ್ತಿನಲ್ಲಿ ನಡೆಯುತ್ತದೆ. ಅದಕ್ಕಾಗಿ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವ ರೋಗಿ ತಪಾಸಣೆಯ ದಿನ ಬೆಳಗಿನ ಗುಳಿಗೆ ನುಂಗದೆ ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ‘ರಾತ್ರಿ ಎಷ್ಟು ಗಂಟೆಗೆ ತಗೊಂಡ್ರಿ?’ ಎಂದು ಕೇಳಿಯೇ ರಕ್ತ ತೆಗೆಯುವುದು. ಹನ್ನೆರಡು ಗಂಟೆಯ ನಂತರ ರಕ್ತದಲ್ಲಿ ಔಷಧ ಎಷ್ಟು ಉಳಿದಿದೆ ಎಂದು ನೋಡಿ ಪ್ರಮಾಣ ತಿದ್ದುತ್ತಾರೆ. ಕಡಿಮೆಯಾದರೆ ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತದೆ, ಹೆಚ್ಚಾದರೆ ಕಿಡ್ನಿಗೇ ಪೆಟ್ಟು, ಸೋಂಕು ಬೇರೆ. ಅಲ್ಲಿ ಪ್ರತಿ ಮಿಲಿಗ್ರಾಮಿಗೂ ವಾರಸುದಾರರಿದ್ದಾರೆ.

ಬೀದಿ ಬದಿಯ ಕ್ಲಿನಿಕ್ಕು ಕಾಗದದ ಪೊಟ್ಟಣದಲ್ಲಿ ಕೊಡುವ ಸ್ಟೀರಾಯ್ಡ್ ಮಾತ್ರೆಗೆ ಯಾರು ವಾರಸುದಾರರು? ಮಂಡಿನೋವು ಎಂದರೂ ಅದು, ಉಬ್ಬಸ ಎಂದರೂ ಅದು, ‘ಬೇಗ ಹುಷಾರಾಗಬೇಕು ಡಾಕ್ಟ್ರೇ’ ಎಂದರಂತೂ ಅದೇ. ಎರಡು ದಿನದಲ್ಲಿ ನೋವು ಮಾಯ, ಹಸಿವು ಜೋರು, ಬರಬರುತ್ತಾ ಮುಖ ದುಂಡಗೆ. ‘ಮೈ ಹತ್ತಿದೆ’ ಎಂದು ಮನೆಯವರಿಗೆ ಖುಷಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗಲೂ ಹೀಗೆಯೇ ಬೆರಗು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು, 1950ಕ್ಕೆ ಹೆಂಚ್‌ಗೆ ನೊಬೆಲ್ ಕೂಡ ಬಂತು. ಔಷಧ ನಿಲ್ಲಿಸಿದರೆ ರೋಗ ಮರಳುತ್ತದೆ, ಮುಂದುವರಿಸಿದರೆ ಮೈ ಕೆಡುತ್ತದೆ ಎಂಬುದೂ ಅಲ್ಲೇ ಗೊತ್ತಾಗಿತ್ತು. ಮುಕ್ಕಾಲು ಶತಮಾನದ ಹಳೆಯ ಸುದ್ದಿ ಇದು.

ಜನರ ಹೆದರಿಕೆಯೂ ಸರಿಯಾದ ಜಾಗದಲ್ಲಿಲ್ಲ. ಆಸ್ತಮಾ ಇರುವವರು ‘ಪಂಪ್ ಬೇಡ, ಅಭ್ಯಾಸ ಆಗ್ಬಿಡುತ್ತೆ’ ಎನ್ನುತ್ತಾರೆ. ಇನ್‌ಹೇಲರಿನಲ್ಲಿರುವುದು ಮೈಕ್ರೊಗ್ರಾಂ ಲೆಕ್ಕದ ಸ್ಟೀರಾಯ್ಡ್, ಅದೂ ನೇರ ಶ್ವಾಸಕೋಶಕ್ಕೆ ಹೋಗುವಂಥದ್ದು. ಅದನ್ನು ಒಲ್ಲದವರೇ ಪೊಟ್ಟಣದ ಮಿಲಿಗ್ರಾಮುಗಳನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಹುಳುಕಡ್ಡಿಗೆ ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮಿನ ಕಥೆಯೂ ಇದೇ. ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಹಬ್ಬುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡುಗಳನ್ನು ಸರ್ಕಾರ 2018ರಲ್ಲಿ ‘ಶೆಡ್ಯೂಲ್ ಎಚ್’ಗೆ ಸೇರಿಸಿತು, ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಕೌಂಟರಿನಲ್ಲಿ ಈಗಲೂ ಚೀಟಿ ಕೇಳುವವರು ಕಡಿಮೆ.

ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ. ಇಮ್ಯುನಿಟಿಯೇ ಮೈಮೇಲೆ ತಿರುಗಿಬೀಳುವ ಲೂಪಸ್ ರೋಗಿಗೆ ಸ್ಟೀರಾಯ್ಡ್ ಕೊಡದಿರುವುದೇ ಅಪರಾಧವಾದೀತು. ತಕರಾರು ಚೀಟಿಯಲ್ಲಿ ಇರಬೇಕಾದ ಕೊನೆಯ ಸಾಲಿನ, ಅಂದರೆ ಹೇಗೆ ನಿಲ್ಲಿಸಬೇಕು ಎಂಬುದರ ಬಗ್ಗೆ. ಮೂರ್ನಾಲ್ಕು ವಾರ ಮಾತ್ರೆ ತೆಗೆದುಕೊಂಡರೆ ಮೈಯ ಅಡ್ರಿನಲ್ ಗ್ರಂಥಿ ತಾನು ಮಾಡುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ನಿಲ್ಲಿಸಿ ಸುಮ್ಮನೆ ಕೂತುಬಿಡಬಹುದು. ಆಗ ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿಯುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು. ಅದಕ್ಕೇ ಹಂತಹಂತವಾಗಿ ಇಳಿಸುವುದು. ಬ್ರಿಟನ್ನಿನಲ್ಲಿ ಈ ಅಪಾಯವಿರುವ ರೋಗಿಗಳಿಗೆ 2020ರಿಂದ ‘ಸ್ಟೀರಾಯ್ಡ್ ತುರ್ತು ಕಾರ್ಡ್’ ಕೊಡುತ್ತಾರೆ. ಅಪಘಾತವಾಗಿ ಮಾತಾಡಲಾಗದೆ ಬಿದ್ದಿದ್ದರೂ ಅದು ಅವರ ಪರವಾಗಿ ಮಾತಾಡುತ್ತದೆ. ನಮ್ಮ ಪೊಟ್ಟಣದ ಮೇಲೆ ಮಾತ್ರೆಯ ಹೆಸರೂ ಇರುವುದಿಲ್ಲ. ಹೆಸರು, ಪ್ರಮಾಣ, ಇಳಿಸುವ ದಿನಾಂಕ ಬರೆಯಲು ಎರಡು ನಿಮಿಷ ಸಾಕು. ಅಷ್ಟಕ್ಕೂ ಪುರುಸೊತ್ತಿಲ್ಲದವರು ಈ ಮಾತ್ರೆ ಬರೆಯಬಾರದು.