ಶುಗರ್ ಪುಡಿಗಳಿಗೆ ಅಳತೆ ಬೇಡವೇ?

ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಈಗ ಕಣ್ಣಿಗೆ ಮೊದಲು ಬೀಳುವುದು ಹಸಿರು ಡಬ್ಬಿಗಳು. ಮುಂಭಾಗದಲ್ಲಿ ಹಾಗಲಕಾಯಿ, ನೇರಳೆ ಹಣ್ಣು, ಮೆಂತ್ಯದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ರಕ್ತದ ಸಕ್ಕರೆಯನ್ನು ಆರೋಗ್ಯಕರ ಮಟ್ಟದಲ್ಲಿಡಲು ಸಹಕಾರಿ’ ಎಂಬ ಒಕ್ಕಣೆ. ಪೂರಕ ಆಹಾರದ ಡಬ್ಬಿಯಾದರೆ, ತಿರುಗಿಸಿ ನೋಡಿದಾಗ ‘ಔಷಧೀಯ ಬಳಕೆಗೆ ಅಲ್ಲ’ ಎಂಬ ಇನ್ನೊಂದು ಸಾಲು ಸಿಗುತ್ತದೆ. ಈ ಎರಡನೇ ಸಾಲನ್ನು ಹಾಕಲೇಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಹೇಳುತ್ತದೆ. ಕೊಳ್ಳುವವರು ಮಾತ್ರ ಮೊದಲನೇ ಸಾಲನ್ನು ನಂಬಿ, ಔಷಧಿ ಎಂದುಕೊಂಡೇ ದುಡ್ಡು ಕೊಡುತ್ತಾರೆ.

ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಿಂದ ನಡೆದ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಇಷ್ಟು ದೊಡ್ಡ ಸಂತೆಯಲ್ಲಿ ವ್ಯಾಪಾರ ಬೆಳೆಯದೆ ಇರುವುದಿಲ್ಲ. ಹಾಗಾಗಿ ಈ ಪುಡಿ, ಕ್ಯಾಪ್ಸೂಲ್, ಕಷಾಯಗಳ ಬಳಕೆಯನ್ನೇ ಪರೀಕ್ಷಿಸಬೇಕಾಗಿದೆ. ನನ್ನ ತಕರಾರು ಒಂದೇ: ಇವುಗಳಲ್ಲಿ ಹೆಚ್ಚಿನವಕ್ಕೆ ಅಳತೆಯೇ ಇಲ್ಲ.

ಗಿಡಮೂಲಿಕೆಗಳನ್ನು ಹಳಿಯುವುದಕ್ಕೆ ನಾನು ಹೊರಟಿಲ್ಲ. ಜಗತ್ತಿನಾದ್ಯಂತ ಶುಗರ್‌ಗೆ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಗಲೇಗಾ ಎಂಬ ಗಿಡದಲ್ಲಿದೆ. ಆ ಗಿಡದ ಸತ್ವ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿಯೂ ಆಗಿತ್ತು. ಅದಕ್ಕೆ ಹತ್ತಿರದ, ಅದಕ್ಕಿಂತ ಸುರಕ್ಷಿತವಾದ ಅಣುಗಳನ್ನು ವಿಜ್ಞಾನಿಗಳು ಹುಡುಕಿದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದ ಮೇಲೆಯೇ ಮೆಟ್‌ಫಾರ್ಮಿನ್ ಔಷಧಿಯಾಯಿತು. ಎಷ್ಟು ಮಿಲಿಗ್ರಾಂ, ಯಾರಿಗೆ, ಮೂತ್ರಪಿಂಡ ಸೋತವರಿಗೆ ಎಷ್ಟು ಕಡಿಮೆ ಎಂಬ ಲೆಕ್ಕ ಈಗಲೂ ಪರಿಷ್ಕಾರವಾಗುತ್ತಲೇ ಇದೆ. ಗಿಡದಿಂದ ಮಾತ್ರೆಯವರೆಗಿನ ಈ ದಾರಿಯನ್ನು ಹಸಿರು ಡಬ್ಬಿಗಳು ಹಾರಿ ದಾಟಿಬಿಟ್ಟಿವೆ.

ಮೆಂತ್ಯವನ್ನೇ ನೋಡೋಣ, ನಮ್ಮ ಅಡುಗೆಮನೆಯ ಕಾಳು. ಇದರ ಮೇಲೆ ಒಳ್ಳೆಯ ಕೆಲಸ ನಡೆದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. ಅಲ್ಲಿನ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ, ಎರಡು ಊಟಕ್ಕೆ ಹಂಚಿ, ಇನ್ಸುಲಿನ್ ಮೇಲಿದ್ದ ರೋಗಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಿತು. ಆಮೇಲಿನ ಪ್ರಯೋಗಗಳಲ್ಲಿ 25 ಗ್ರಾಂ ಕೊಟ್ಟಾಗಲೂ ಪ್ರಯೋಜನ ಕಂಡಿತು. ಕಾರಣವೂ ಬಹುಮಟ್ಟಿಗೆ ಗೊತ್ತಿದೆ. ನೆನೆಹಾಕಿದ ಮೆಂತ್ಯ ಲೋಳೆಯಾಗುತ್ತದಲ್ಲ, ಆ ಲೋಳೆಯ ನಾರು ಹೊಟ್ಟೆ ಕರುಳಿನಲ್ಲಿ ಅನ್ನವನ್ನು ತಡೆದು, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಈಗ ಅಂಗಡಿಯ ಕ್ಯಾಪ್ಸೂಲಿಗೆ ಬನ್ನಿ. ಒಂದರಲ್ಲಿ 500 ಮಿಲಿಗ್ರಾಂ ಮೆಂತ್ಯದ ಪುಡಿ ಇದೆ ಎನ್ನೋಣ. ಆ 25 ಗ್ರಾಂ ಮುಟ್ಟಲು ದಿನಕ್ಕೆ 50 ಕ್ಯಾಪ್ಸೂಲು ನುಂಗಬೇಕು. ಹೈದರಾಬಾದಿನ ಸಂಶೋಧನೆಯ ಹೆಸರನ್ನು ಡಬ್ಬಿ ಬಳಸಿಕೊಳ್ಳುತ್ತದೆ, ಅದರ ಅಳತೆಯನ್ನು ಬಿಟ್ಟುಬಿಡುತ್ತದೆ. ಮೆಂತ್ಯ ಬೇಕೆನ್ನುವವರು ಅದನ್ನು ದೋಸೆಗೆ ಅರೆದು, ಸೊಪ್ಪನ್ನು ರೊಟ್ಟಿಗೆ ಹಾಕಿ ತಿನ್ನುವುದೇ ಮೇಲು. ನಾರು ಸಿಗುತ್ತದೆ, ಹಣವೂ ಉಳಿಯುತ್ತದೆ.

ಹೊನ್ನೆ ಮರದ ಕಥೆ ಇನ್ನೂ ಮಹತ್ವದ್ದು, ಏಕೆಂದರೆ ಅದು ನಮ್ಮ ಕಾಡಿನದೇ ಮರ. ಹೊನ್ನೆಯ ಲೋಟದಲ್ಲಿ ರಾತ್ರಿ ನೀರಿಟ್ಟು, ಬೆಳಿಗ್ಗೆ ಬಣ್ಣ ತಿರುಗಿದ ನೀರನ್ನು ಖಾಲಿ ಹೊಟ್ಟೆಗೆ ಕುಡಿಯುವವರು ಅನೇಕರಿದ್ದಾರೆ. ಈ ಮರವನ್ನು ವಿಜಯಸಾರ ಎಂಬ ಹೆಸರಿನಲ್ಲಿ ಐಸಿಎಂಆರ್ ಪರೀಕ್ಷೆಗೆ ತೆಗೆದುಕೊಂಡಿತು. ಹೊಸದಾಗಿ ಕಾಯಿಲೆ ಪತ್ತೆಯಾದ 97 ಜನರಿಗೆ ಅದರ ಸತ್ವ ಕೊಟ್ಟು ನೋಡಿದ ವರದಿ 1998ರಲ್ಲಿ ಬಂತು; 12 ವಾರಗಳ ಕೊನೆಗೆ 67 ಜನರ ಸಕ್ಕರೆ ಹತೋಟಿಗೆ ಬಂದಿತ್ತು. ಆ ಪ್ರಯೋಗದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ ಎಂಬುದು ಕೊರತೆ. ಮುಂದೆ ಹಳೆಯ ಶುಗರ್ ಮಾತ್ರೆಯೊಂದರ ಜೊತೆಗೆ ಹೋಲಿಸಿಯೂ ನೋಡಿದರು. ಇದು ನನಗೆ ಬಹಳ ಮೆಚ್ಚುಗೆಯಾಗುವ ಕೆಲಸ, ಯಾಕೆಂದರೆ ನಾಡಮದ್ದನ್ನು ಅಳೆಯಬಹುದು ಎಂಬುದನ್ನು ಅದು ಮಾಡಿ ತೋರಿಸಿತು. ಆದರೆ ಜಾತ್ರೆಯಲ್ಲಿ ಮಾರುವ ಲೋಟದಿಂದ ಎಷ್ಟು ಸತ್ವ ನೀರಿಗೆ ಇಳಿಯುತ್ತದೆ? ತಿಂಗಳೊಪ್ಪತ್ತು ಬಳಸಿದ ಮೇಲೆ ಎಷ್ಟು ಉಳಿದಿರುತ್ತದೆ? ಅದು ನಿಜಕ್ಕೂ ಹೊನ್ನೆಯೇ? ಇದಕ್ಕೆ ಮಾರುವವನ ಬಳಿ ಉತ್ತರವಿಲ್ಲ.

ಮಧುನಾಶಿನಿಯ ಎಲೆ ಅಗಿದು ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ನಾಲಿಗೆಯ ಸಿಹಿ ಗ್ರಹಿಕೆಯನ್ನು ಆ ಎಲೆಯ ಆಮ್ಲಗಳು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ನೋಡಿದವರಿಗೆ ಬೆರಗಾಗುವಂಥ ಈ ಗುಣವನ್ನೇ ತೋರಿಸಿ ‘ನಾಲಿಗೆಯಲ್ಲಿ ಸಕ್ಕರೆ ಕೊಂದದ್ದು ರಕ್ತದಲ್ಲೂ ಕೊಲ್ಲುತ್ತದೆ’ ಎಂದು ನಂಬಿಸುವುದು ಸುಲಭ. ಎರಡಕ್ಕೂ ನೇರ ಸಂಬಂಧವಿಲ್ಲ. ರಕ್ತದ ಸಕ್ಕರೆಯ ಬಗ್ಗೆ ಮದ್ರಾಸಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನ ಆಶಾದಾಯಕವಾಗಿತ್ತು. ದಿನಕ್ಕೆ 400 ಮಿಲಿಗ್ರಾಂ ಸತ್ವ ತೆಗೆದುಕೊಂಡವರು 22 ಜನ, ಅದೂ ತಾವು ನುಂಗುತ್ತಿದ್ದ ಮಾತ್ರೆಗಳ ಜೊತೆಗೆ. ಇಪ್ಪತ್ತೆರಡು ಜನರ ಫಲಿತಾಂಶವನ್ನು ಹತ್ತು ಕೋಟಿ ಜನರಿಗೆ ಮಾರುವುದು ಸರಿಯಲ್ಲ.

ಖನಿಜ, ವಿಟಮಿನ್‌ಗಳ ವಿಷಯ ಬೇರೆ ಬಗೆಯದು. ಇನ್ಸುಲಿನ್ ಕೆಲಸಕ್ಕೆ ಕ್ರೋಮಿಯಂ ಬೇಕೆಂಬ ಮಾತು ಗಟ್ಟಿಯಾದದ್ದು ಕೆನಡಾದಿಂದ 1977ರಲ್ಲಿ ವರದಿಯಾದ ಒಬ್ಬ ಮಹಿಳೆಯ ಪ್ರಕರಣದಿಂದ. ವರ್ಷಗಟ್ಟಲೆ ರಕ್ತನಾಳದ ಮೂಲಕವೇ ಆಹಾರ ಪಡೆಯುತ್ತಿದ್ದ ಆಕೆಗೆ ಕ್ರೋಮಿಯಂ ಕೊಟ್ಟ ಮೇಲೆ ಸಕ್ಕರೆ ಸರಿಹೋಯಿತು. ಮುದ್ದೆ, ಅನ್ನ, ಸಾರು ಉಣ್ಣುವವರಿಗೆ ಅಂಥ ಕೊರತೆ ಬರುವುದು ತೀರಾ ಅಪರೂಪ. ವಿಟಮಿನ್ ಡಿ ಬಗ್ಗೆ ಅಮೆರಿಕದಲ್ಲಿ 2,423 ಜನರ ಮೇಲೆ ದೊಡ್ಡ ಪ್ರಯೋಗವೇ ನಡೆಯಿತು. ದಿನಕ್ಕೆ 4,000 ಯೂನಿಟ್ ಕೊಟ್ಟವರಿಗೂ ಖಾಲಿ ಮಾತ್ರೆ ಕೊಟ್ಟವರಿಗೂ ಕಾಯಿಲೆ ಬರುವುದರಲ್ಲಿ ಖಚಿತ ಎನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ ಎಂದು 2019ರಲ್ಲಿ ಗೊತ್ತಾಯಿತು. ಚಕ್ಕೆಯ ಬಗ್ಗೆ 2012ರ ಕಾಕ್ರೇನ್ ವಿಮರ್ಶೆ ಹತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ಜೊತೆಗೆ ನಮ್ಮ ಪೇಟೆಯಲ್ಲಿ ಚಕ್ಕೆ ಎಂದು ಸಿಗುವುದು ಬಹಳ ಸಲ ದಪ್ಪ ತೊಗಟೆಯ ಕ್ಯಾಸಿಯಾ. ಅದರಲ್ಲಿರುವ ಕೂಮರಿನ್ ಹೆಚ್ಚಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಪಲಾವಿಗೆ ಹಾಕುವ ಒಂದು ತುಂಡಿನಿಂದ ಭಯವಿಲ್ಲ. ತಿಂಗಳುಗಟ್ಟಲೆ ಚಮಚದಲ್ಲಿ ನೆಕ್ಕುವುದರಿಂದ ಇದೆ.

ಇವೆಲ್ಲದರಲ್ಲಿ ಗಂಭೀರವಾಗಿ ಪರಿಗಣಿಸಬೇಕಾದದ್ದು ಮರದರಿಶಿನದಲ್ಲಿರುವ ಬರ್ಬರಿನ್. ಚೀನಾದ ಹಲವು ಪ್ರಯೋಗಗಳಲ್ಲಿ ಅದು ಸಕ್ಕರೆ ಇಳಿಸಿದೆ. ಅದೇ ಕಾರಣಕ್ಕೆ ಅದನ್ನು ‘ನಿರಪಾಯ ಪೂರಕ’ ಎಂದು ಕೈಗೆ ಕೊಡುವುದು ತಪ್ಪು. ಕೆಲಸ ಮಾಡುವ ವಸ್ತು ಬೇರೆ ಔಷಧಿಗಳ ಕೆಲಸದಲ್ಲೂ ಕೈ ಹಾಕುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವ ಸೈಕ್ಲೋಸ್ಪೋರಿನ್‌ನ ಮಟ್ಟವನ್ನು ಅದು ಏರಿಸುತ್ತದೆ. ಗರ್ಭಿಣಿಯರಂತೂ ಮುಟ್ಟಲೇಬಾರದು.

ಇನ್ನು ಕಲಬೆರಕೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಶುಗರ್ ಗುಣಪಡಿಸುವ ಹೆಸರಿನಲ್ಲಿ ಮಾರುತ್ತಿದ್ದ ಹಲವು ಉತ್ಪನ್ನಗಳ ವಿರುದ್ಧ ಎಚ್ಚರಿಕೆ ಕೊಟ್ಟಾಗ, ಸಾಂಪ್ರದಾಯಿಕ ಆಯುರ್ವೇದ ಸೂತ್ರ ಎಂದು ಮಾರುತ್ತಿದ್ದ ಭಾರತದ ತಯಾರಿಕೆಯೊಂದರಲ್ಲಿ ಮೆಟ್‌ಫಾರ್ಮಿನ್ ಸಿಕ್ಕಿತು. ಹೆಸರು ಬೇರಿನದು, ಇಳಿಸಿದ್ದು ಮಾತ್ರೆ! ‘ಆ ಪುಡಿಯಿಂದ ನನಗೆ ಎಂಟು ದಿನದಲ್ಲಿ ಇಳಿಯಿತು’ ಎಂದು ನೆಂಟರು ಹೇಳಿದಾಗ ನನಗೆ ಮೊದಲು ಬರುವ ಅನುಮಾನ ಇದೇ. ಮನೆಯಲ್ಲಿ ಮೊದಲೇ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವ ವಯಸ್ಸಾದವರಿದ್ದು, ಜೊತೆಗೆ ಇಂಥ ಪುಡಿಯೂ ಸೇರಿದರೆ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ನಡುರಾತ್ರಿ ಪ್ರಜ್ಞೆ ತಪ್ಪುವುದು, ಎಲ್ಲಕ್ಕೂ ದಾರಿಯಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಸೇರಿದೆ. ಅದನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ. ಅದಕ್ಕೇ ಡಬ್ಬಿಗಳು ‘ಸಹಕಾರಿ’ ಎಂಬಲ್ಲಿಗೆ ನಿಲ್ಲುತ್ತವೆ. ಬಾಯಿಮಾತಿನಲ್ಲಿ, ವಾಟ್ಸಾಪ್ ವಿಡಿಯೋಗಳಲ್ಲಿ ಆ ಸಂಯಮವೂ ಉಳಿಯುವುದಿಲ್ಲ.

ಪೂರಕಗಳ ಜಾಗದಲ್ಲಿ ಏನಿದೆ ಎಂದು ಕೇಳುವವರಿಗೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರ ಕೆಲಸವನ್ನು ತೋರಿಸಬೇಕು. ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆದ ಆ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ನಡಿಗೆ ಹೆಚ್ಚಿಸಿ, ಅನ್ನ, ಸಕ್ಕರೆ, ಎಣ್ಣೆ ಕಡಿಮೆ ಮಾಡಿದವರಲ್ಲಿ ಕಾಯಿಲೆ ಬರುವ ಸಂಭವ ಶೇ 28.5ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ 26.4ರಷ್ಟು. ನಡೆದ ಸ್ನಾಯು ಇನ್ಸುಲಿನ್ ಹೆಚ್ಚು ಬೇಡದೆಯೇ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಹೊಟ್ಟೆಯ ಕೊಬ್ಬು ಕರಗಿದಷ್ಟೂ ಇದ್ದ ಇನ್ಸುಲಿನ್ನೇ ಚೆನ್ನಾಗಿ ಕೆಲಸ ಮಾಡುತ್ತದೆ. ಹಸಿರು ಡಬ್ಬಿಗಳಲ್ಲಿ ಇಂಥ ಪುರಾವೆಯುಳ್ಳದ್ದು ನನಗೆ ಒಂದೂ ಸಿಕ್ಕಿಲ್ಲ.

ಒಂದು ಪೂರಕಕ್ಕೆ ಮಾತ್ರ ನಾನು ಪೂರ್ತಿ ಒಪ್ಪಿಗೆ ಕೊಡುತ್ತೇನೆ, ಅದು ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಈ ವಿಟಮಿನ್ ಕಡಿಮೆಯಾಗುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಇನ್ನೂ ಬೇಗ. ಪಾದದ ಜುಮುಗುಡುವಿಕೆಯನ್ನು ‘ಶುಗರ್‌ದೇ ಇರಬೇಕು’ ಎಂದು ಸುಮ್ಮನಾಗುವ ಮೊದಲು ರಕ್ತದಲ್ಲಿ ಬಿ12 ನೋಡಿಸಬೇಕು, ಕಡಿಮೆಯಿದ್ದರೆ ತೆಗೆದುಕೊಳ್ಳಬೇಕು. ಇಲ್ಲಿ ಕೊರತೆ ಅಳೆಯಬಹುದು, ತುಂಬಿದ್ದನ್ನೂ ಅಳೆಯಬಹುದು.

ಈಗಾಗಲೇ ಡಬ್ಬಿ ಕೊಂಡಿರುವವರಲ್ಲಿ ನನ್ನ ವಿನಂತಿ ಇಷ್ಟು. ಅದನ್ನು ಬಚ್ಚಿಡದೆ ಚೀಲದಲ್ಲಿ ಹಾಕಿಕೊಂಡು ಹೋಗಿ ನಿಮ್ಮ ಡಾಕ್ಟರ ಮೇಜಿನ ಮೇಲಿಡಿ. ಬೆರಳು ಚುಚ್ಚಿ ನೋಡಿದ ಒಂದು ಬೆಳಗಿನ ಅಂಕಿಯನ್ನು ನಂಬಬೇಡಿ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಯಾರು ಏನೇ ಹೇಳಲಿ, ಟೈಪ್ 1 ಇರುವ ಮಗುವಿನ ಇನ್ಸುಲಿನ್ ಚುಚ್ಚುಮದ್ದನ್ನು ಒಂದು ದಿನವೂ ನಿಲ್ಲಿಸಬೇಡಿ. ಆ ಮಗುವಿನ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ನಾಶವಾಗಿರುತ್ತವೆ, ಅವುಗಳ ಜಾಗ ತುಂಬುವ ಪುಡಿ, ಎಲೆ, ಲೋಟ ಇಂದಿಗೂ ಇಲ್ಲ.